ವಿಸ್ಟೀರಿಯಾ ನಮ್ಮ ಬಿಸಿಲಿಗೆ ಬರ್ತದೇನು? ಅಂಗಳದ ಚಪ್ಪರಕ್ಕ ಯಾವ ಬಳ್ಳಿ ಹಚ್ಚಬೇಕು, ಯಾವಾಗ ಕತ್ತರಿ ಹಾಕಬೇಕು

ಕೊಳಕೂರ (ಜೇವರ್ಗಿ): ಮೊಬೈಲಿನಲ್ಲಿ ಒಂದು ಫೋಟೋ ಎಲ್ಲರೂ ನೋಡಿರುತ್ತೀರಿ. ಹಳೇ ಮನೆಯ ಬಾಗಿಲ ಮ್ಯಾಲ ನೀಲಿ-ನೇರಳೆ ಹೂವಿನ ಗೊಂಚಲು ದ್ರಾಕ್ಷಿ ಹಣ್ಣಿನ ಹಂಗ ಜೋತು ಬಿದ್ದಿರ್ತಾವ, ಕೆಳಗ ಯಾರೋ ಕುರ್ಚಿ ಹಾಕ್ಕೊಂಡು ಚಹಾ ಕುಡೀತಿರ್ತಾರ. ಆ ಬಳ್ಳಿಯ ಹೆಸರು ವಿಸ್ಟೀರಿಯಾ. ಎರಡು ವರ್ಷದ ಹಿಂದೆ ಆ ಫೋಟೋ ನೋಡಿ ನಾನೂ ಮರುಳಾಗಿ ಆನ್‌ಲೈನ್‌ನಲ್ಲಿ ಬೀಜದ ಪ್ಯಾಕೆಟ್ ತರಿಸಿದೆ. 349 ರೂಪಾಯಿ, ಹತ್ತು ಬೀಜ. ಏಳು ಮೊಳೆತವು. ಮನೆಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ನಾಲ್ಕು ತಿಂಗಳಿಗೆ ಹೂ ಬಿಟ್ಟಿತು. ನೋಡಿದ್ರ ಶಂಖಪುಷ್ಪ. ನಮ್ಮ ಬೇಲಿ ಮ್ಯಾಲ ಯಾರೂ ಹಚ್ಚದೇ ಬರುವಂಥದ್ದು!

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಪ್ರತಿ ವರ್ಷ ಮಳೆಗಾಲ ಶುರುವಾದ ಕೂಡಲೇ ಇದೇ ಫೋಟೋ ಹಾಕಿ ಬೀಜ ಮಾರುವವರು ಬರ್ತಾರ. ಖರೇ ವಿಸ್ಟೀರಿಯಾ ಬೀಜದಿಂದ ಬೆಳೆಸಿದರೆ ಹೂ ಬಿಡಲು ಹತ್ತು ಹದಿನೈದು ವರ್ಷ ಬೇಕಾಗಬಹುದು. ಕಸಿ ಕಟ್ಟಿದ ಸಸಿಯಾದರೂ ಮೂರ್ನಾಲ್ಕು ವರ್ಷ ಕಾಯಬೇಕು. ಹಂಗಾಗಿ ‘ಮೂರೇ ತಿಂಗಳಲ್ಲಿ ಹೂವು’ ಅಂತ ಬರೆದಿದ್ದರೆ ಅಲ್ಲಿಗೇ ಬಿಟ್ಟುಬಿಡ್ರಿ, ರೊಕ್ಕ ಉಳೀತದ.

ಆದರೆ ಆ ಫೋಟೋ ನೋಡಿ ಹುಟ್ಟಿದ ಆಸೆ ತಪ್ಪಲ್ಲ. ಏಪ್ರಿಲ್-ಮೇದಾಗ ನಮ್ಮ ಕಡೆ 42-43 ಡಿಗ್ರಿ ಅಂದರೆ ಸುದ್ದಿನೇ ಅಲ್ಲ. ಪತ್ರಾ ಹೊದಿಸಿದ ಅಂಗಡಿಯೊಳಗೆ ಮಧ್ಯಾಹ್ನ ಕೂತವರಿಗೆ ಬಳ್ಳಿಯ ನೆರಳು ಅಂದ್ರ ಏನು ಅಂತ ಗೊತ್ತು. ಹೂವು ಅಲಂಕಾರಕ್ಕ ಆಯ್ತು, ನಮಗ ಮೊದಲು ಬೇಕಾಗಿದ್ದು ನೆರಳು. ಅದಕ್ಕೆ ಈ ಲೇಖನದಲ್ಲಿ ಎರಡು ಮಾತು: ವಿಸ್ಟೀರಿಯಾ ಇಲ್ಲಿ ಯಾಕೆ ಬರೋದಿಲ್ಲ, ಅದರ ಬದಲಿಗೆ ಬರುವ ಬಳ್ಳಿಗಳನ್ನು ಹಚ್ಚೋದು ಮತ್ತು ಕತ್ತರಿಸೋದು ಹೆಂಗ.

ತೊಗರಿಯ ದೂರದ ಸಂಬಂಧಿ

ವಿಸ್ಟೀರಿಯಾ ಚೀನಾ, ಜಪಾನ್ ಮತ್ತು ಅಮೆರಿಕದ ಪೂರ್ವ ಭಾಗದ ಬಳ್ಳಿ. ಕುಟುಂಬದ ಲೆಕ್ಕದಲ್ಲಿ ನೋಡಿದರೆ ನಮ್ಮ ತೊಗರಿಯ ಸಂಬಂಧಿಕ. ತೊಗರಿ, ಕಡಲೆ, ಅವರೆ, ಶೇಂಗಾ ಎಲ್ಲವೂ ಇರುವ ದ್ವಿದಳ ಕುಟುಂಬದ್ದೇ ಇದು. ಕಾಯಿ ಉದ್ದಕ್ಕೆ, ಚಪ್ಪಟೆಯಾಗಿ ಅವರೆಕಾಯಿಯ ಹಂಗ ಇರ್ತದ, ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟು ಇರ್ತಾವ. ಆದರೆ ಕಾಯಿ, ಬೀಜ ವಿಷ. ಮಕ್ಕಳು ಅವರೆ ಅಂತ ತಿಂದರೆ ವಾಂತಿ, ಹೊಟ್ಟೆನೋವು ಗ್ಯಾರಂಟಿ.

ಚೀನಾದಿಂದ ಇಂಗ್ಲೆಂಡಿಗೆ ಈ ಬಳ್ಳಿ ಹೋದದ್ದು 1816ರಲ್ಲಿ. ಅಲ್ಲಿಂದ ಬ್ರಿಟಿಷರು ಹೋದ ತಂಪು ಊರುಗಳಿಗೆಲ್ಲ ಇದು ಹೋಯಿತು. ನಮ್ಮ ದೇಶದಲ್ಲಿ ಶಿಮ್ಲಾ, ಮಸ್ಸೂರಿ, ಶ್ರೀನಗರದ ಕಡೆ ವಸಂತದಲ್ಲಿ ಚೆನ್ನಾಗಿ ಹೂ ಬಿಡುತ್ತದೆ. ಜಪಾನಿನ ಅಶಿಕಾಗಾ ಎಂಬ ಊರಿನ ಹೂದೋಟದಲ್ಲಿ 150 ವರ್ಷ ದಾಟಿದ ಒಂದೇ ಬಳ್ಳಿಯ ಚಪ್ಪರ ಸುಮಾರು 1000 ಚದರ ಮೀಟರ್ ಹಬ್ಬಿದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಅಷ್ಟು ದೊಡ್ಡ ಬಳ್ಳಿಯನ್ನು 1996ರಲ್ಲಿ ಬೇರು ಸಮೇತ ಬೇರೆ ಕಡೆಯಿಂದ ಕಿತ್ತು ತಂದು ಅಲ್ಲಿ ನೆಟ್ಟರು ಅಂದರೆ ನಂಬೋದು ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದ ಸಿಯೆರಾ ಮ್ಯಾಡ್ರೆ ಊರಿನದು ಇನ್ನೊಂದು ಕಥೆ. 1894ರಲ್ಲಿ ಸಣ್ಣ ಡಬ್ಬಿಯಲ್ಲಿ ತಂದು ಮನೆ ಪಕ್ಕ ಹಚ್ಚಿದ್ದ ಬಳ್ಳಿ ಬೆಳೆದೂ ಬೆಳೆದೂ ಕಡೆಗೆ ಆ ಮನೆಯನ್ನೇ ಹಾಳು ಮಾಡಿತು. ಮನೆ ಹೋಯಿತು, ಬಳ್ಳಿ ಉಳಿಯಿತು. ಬಳ್ಳಿಗೆ ಕತ್ತರಿ ಯಾಕೆ ಬೇಕು ಅಂತ ಕೇಳುವವರಿಗೆ ಇದೊಂದೇ ಉದಾಹರಣೆ ಸಾಕು.

ಹಾಗಾದರೆ ನಮ್ಮಲ್ಲಿ ಯಾಕೆ ಆಗಲ್ಲ? ಈ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು. ಚೆನ್ನಾಗಿ ಥಂಡಿ ಬಿದ್ದು ಗಿಡ ಮಲಗಿ ಎದ್ದರೆ ಮಾತ್ರ ಮೊಗ್ಗು ಸರಿಯಾಗಿ ಒಡೆಯುತ್ತವೆ. ಕಲಬುರಗಿ ಜಿಲ್ಲೆಯ ಥಂಡಿ ನಮಗ ಸ್ವೆಟರ್ ಹಾಕಿಸ್ತದ, ಖರೇ, ಆದರ ಇಂಥ ಗಿಡಕ್ಕ ಅದು ಥಂಡಿನೇ ಅಲ್ಲ. ಅದರ ಮೇಲೆ ಏಪ್ರಿಲ್ ಬಿಸಿಲು, ಒಣಗಾಳಿ. ಇನ್ನು ನಮ್ಮ ಎರೆ ಮಣ್ಣು ಕ್ಷಾರ. ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶ ಸಿಗದೆ ಇದರ ಎಲೆ ಹಳದಿಯಾಗ್ತದ. ನಮ್ಮ ಸಂಬಂಧಿಕರೊಬ್ಬರು ಉತ್ತರ ಭಾರತದ ಪ್ರವಾಸದಿಂದ ಬರುವಾಗ ಒಂದು ಸಸಿ ಕೈಯಾಗ ಹಿಡಕೊಂಡು ರೈಲಿನಲ್ಲಿ ತಂದಿದ್ದರು. ಮಳೆಗಾಲ ಚಲೋ ಇತ್ತು. ಯುಗಾದಿಗೆ ಎಲೆ ಅಂಚು ಸುಟ್ಟವು, ಬಸವ ಜಯಂತಿಗೆ ಕಡ್ಡಿ ಉಳೀತು. ಕುಂಡದಲ್ಲಿ ನೆರಳಲ್ಲಿಟ್ಟು ಜೀವ ಉಳಿಸಬಹುದು ಅನ್ನುವವರಿದ್ದಾರೆ. ಜೀವ ಉಳಿಸಬಹುದು, ಆದರೆ ಹೂವಿನ ಆಸೆ ಬಿಡಬೇಕು.

ದ್ರಾಕ್ಷಿ ಚಾಟ್ನಿ ಗೊತ್ತಿದ್ದವರಿಗೆ ಅರ್ಧ ಪಾಠ ಗೊತ್ತು

ಬೆಳೆಯದ ಗಿಡದ ಕತ್ತರಿ ಪಾಠ ನಮಗ್ಯಾಕ ಅನ್ನಬೇಡ್ರಿ. ಯಾವ ಬಳ್ಳಿ ಆದರೂ ಲೆಕ್ಕ ಇಲ್ಲಿಂದಲೇ ಶುರು.

ವಿಸ್ಟೀರಿಯಾ ಬೆಳೆಸುವವರು ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಜುಲೈ-ಆಗಸ್ಟ್‌ನಲ್ಲಿ ಹೂ ಮುಗಿದ ಮೇಲೆ ಚಾಟಿಯಂತೆ ಉದ್ದ ಬಂದ ಹೊಸ ಕುಡಿಗಳನ್ನು ಐದಾರು ಎಲೆ ಬಿಟ್ಟು ಕತ್ತರಿಸ್ತಾರ. ಮತ್ತೆ ಜನವರಿ-ಫೆಬ್ರವರಿಯಲ್ಲಿ ಎಲೆ ಇಲ್ಲದಾಗ ಅವೇ ಕಡ್ಡಿಗಳನ್ನು ಎರಡು-ಮೂರು ಕಣ್ಣು ಉಳಿಸಿ ಇನ್ನೂ ಗಿಡ್ಡ ಮಾಡ್ತಾರ. ಮೊದಲ ಕತ್ತರಿ ಓಟ ನಿಲ್ಲಿಸೋದಕ್ಕೆ, ಎರಡನೆಯದು ಶಕ್ತಿಯನ್ನು ಹೂವಿನ ಕಣ್ಣಿಗೆ ತಿರುಗಿಸೋದಕ್ಕೆ.

ವಿಜಯಪುರ, ನಮ್ಮ ಆಳಂದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸದಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಅವರೂ ವರ್ಷಕ್ಕೆ ಎರಡು ಸಲವೇ ಕತ್ತರಿಸುತ್ತಾರೆ. ಏಪ್ರಿಲ್‌ದಾಗ ಒಂದೆರಡು ಕಣ್ಣು ಬಿಟ್ಟು ಹಿಂದಕ್ಕೆ ಕತ್ತರಿಸಿದರೆ ಹೊಸ ಕಡ್ಡಿ ಬರ್ತಾವ, ಮುಂದಿನ ಎರಡು ತಿಂಗಳೊಳಗೆ ಆ ಕಡ್ಡಿಯ ಕಣ್ಣಿನೊಳಗೆ ಗೊನೆ ತಯಾರಾಗಿಬಿಡ್ತದ, ಹೊರಗ ಕಾಣೋದಿಲ್ಲ ಅಷ್ಟೇ. ಅಕ್ಟೋಬರ್‌ದಾಗ ಆ ಕಣ್ಣು ಎಬ್ಬಿಸಲು ಮತ್ತೆ ಕತ್ತರಿ. ಯುರೋಪಿನಲ್ಲಿ ಚಳಿಗೆ ದ್ರಾಕ್ಷಿ ತಾನೇ ಮಲಗುತ್ತದೆ, ಹಾಗಾಗಿ ಅಲ್ಲಿ ಒಂದೇ ಚಾಟ್ನಿ ಸಾಕು. ನಮ್ಮಲ್ಲಿ ಮಲಗಿಸುವ ಚಳಿ ಇಲ್ಲ, ಆ ಕೆಲಸ ಕತ್ತರಿಯಿಂದ ಮಾಡಬೇಕು.

ಇದರಿಂದ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ರಿ: ಬಳ್ಳಿ ಹೂ ಬಿಡುವುದು ಹಳೇ ಕಡ್ಡಿಯ ಮೇಲೋ, ಹೊಸ ಕುಡಿಯ ಮೇಲೋ? ಇದು ಗೊತ್ತಿಲ್ಲದೆ ಕತ್ತರಿ ಹಿಡಿದರೆ ಮುಂದಿನ ವರ್ಷದ ಹೂವನ್ನು ಕೈಯಾರೆ ಕಡಿದು ತಿಪ್ಪಿಗೆ ಹಾಕಿದ ಹಂಗ. ನಮ್ಮ ಕಡೆ ‘ಗಿಡ ಚಲೋ ಅದ, ಹೂವೇ ಇಲ್ಲ’ ಅನ್ನುವ ಮನೆಗಳಲ್ಲಿ ಬಹಳ ಸಲ ಆಗಿರುವುದು ಇದೇ. ಹಬ್ಬ ಬಂತು ಅಂತ ಸುಣ್ಣ-ಬಣ್ಣದ ಜೊತೆ ಬಳ್ಳಿಯನ್ನೂ ಸವರಿಬಿಡ್ತಾರ.

ಅದೇ ಬಣ್ಣ ಬೇಕಂದ್ರ: ಪೆಟ್ರಿಯಾ

ವಿಸ್ಟೀರಿಯಾ ಹಂಗೇ ನೀಲಿ-ನೇರಳೆ ಗೊಂಚಲು, ಆದರೆ ಬಿಸಿಲಿಗೆ ಹೆದರದ ಬಳ್ಳಿ ಬೇಕು ಅಂದರೆ ಪೆಟ್ರಿಯಾ ಕೇಳ್ರಿ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯ ಉಷ್ಣ ಪ್ರದೇಶದ ಬಳ್ಳಿ. ಇಂಗ್ಲೆಂಡಿನಲ್ಲಿ ಗಿಡಗಳ ಹುಚ್ಚು ಹಿಡಿಸಿಕೊಂಡಿದ್ದ ಪೆಟ್ರೆ ಎಂಬ ಶ್ರೀಮಂತನ ಹೆಸರು ಇದಕ್ಕಿದೆ. ರವೀಂದ್ರನಾಥ ಟ್ಯಾಗೋರರು ಇದನ್ನು ಮೆಚ್ಚಿ ಬಂಗಾಳಿಯಲ್ಲಿ ‘ನೀಲಮಣಿಲತಾ’ ಅಂತ ಹೆಸರಿಟ್ಟರು. ದೆಹಲಿ ಬಿಸಿಲಿನಲ್ಲೂ ಬೆಳೆಯುತ್ತದೆ ಅಂದ ಮೇಲೆ ನಮ್ಮಲ್ಲಿ ಯಾಕೆ ಬೆಳೆಯಬಾರದು?

ನರ್ಸರಿಯಲ್ಲಿ ಗುರುತು ಹಿಡಿಯುವುದು ಸುಲಭ. ಎಲೆ ಮುಟ್ಟಿ ನೋಡ್ರಿ, ಬಡಗಿಯ ಉಜ್ಜು ಕಾಗದದ ಹಾಗೆ ಗರಗರ ಅನ್ನಬೇಕು. ನುಣ್ಣಗಿದ್ದರೆ ಅದು ಪೆಟ್ರಿಯಾ ಅಲ್ಲ, ಏನು ಹೇಳಿದರೂ ತಗೋಬೇಡ್ರಿ. ಹೂವಿನಲ್ಲೂ ಒಂದು ಮಜಾ ಇದೆ: ನಡುವಿನ ಗಾಢ ನೇರಳೆ ಹೂವು ಕೆಲವೇ ದಿನಕ್ಕೆ ಉದುರಿದರೂ, ಅದರ ಹಿಂದಿನ ಐದು ಎಸಳಿನ ತಿಳಿನೀಲಿ ನಕ್ಷತ್ರ ವಾರಗಟ್ಟಲೆ ಬಳ್ಳಿ ಮೇಲೇ ಉಳಿಯುತ್ತದೆ. ದೂರದಿಂದ ನೋಡಿದವರಿಗೆ ಇನ್ನೂ ಹೂ ತುಂಬಿದೆ ಅಂತಲೇ ಅನ್ನಿಸ್ತದ.

ಹೂವಿನ ದೊಡ್ಡ ಸುಗ್ಗಿ ಫೆಬ್ರವರಿಯಿಂದ ಏಪ್ರಿಲ್. ಅಂದರೆ ನಮ್ಮ ಕಲಬುರಗಿ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ. ಹೂ ಬರುವುದು ಹಿಂದಿನ ಮಳೆಗಾಲದಲ್ಲಿ ಬೆಳೆದು ಬಲಿತ ಕಡ್ಡಿಯ ಮೇಲೆ. ಹಾಗಾಗಿ ಕತ್ತರಿ ಹಾಕುವುದು ಹೂ ಮುಗಿದ ಮೇಲೆ ಮಾತ್ರ. ದೀಪಾವಳಿಗೋ ಸಂಕ್ರಾಂತಿಗೋ ಚಂದ ಕಾಣಲಿ ಅಂತ ಸವರಿದರೆ ಆ ವರ್ಷದ ಹೂ ಹೋಯಿತು. ಆದರೆ ಮೇ ತಿಂಗಳ ಬೆಂಕಿಯಲ್ಲಿ ಬೋಳು ಮಾಡಿದರೆ ಕಾಂಡಕ್ಕೆ ಬಿಸಿಲು ಬಡಿದು ತೊಗಟೆ ಸೀಳುತ್ತದೆ. ನೆರಳೂ ಹೋಗ್ತದ. ಅದಕ್ಕೆ ಒಣಗಿದ ಗೊಂಚಲನ್ನಷ್ಟೇ ಮೊದಲು ತೆಗೆದು, ದೊಡ್ಡ ಕತ್ತರಿಯನ್ನು ಕಾರ ಹುಣ್ಣಿಮೆ ಹೊತ್ತಿಗೆ, ಮೊದಲ ಎರಡು ಮಳೆ ಬಿದ್ದ ಮೇಲೆ ಹಾಕೋದು ನಮ್ಮ ಹವಾಮಾನಕ್ಕೆ ಸರಿ. ಹೂ ಬಿಟ್ಟ ಅಡ್ಡ ಕಡ್ಡಿಗಳನ್ನು ಮೂರ್ನಾಲ್ಕು ಕಣ್ಣಿಗೆ ಇಳಿಸ್ರಿ. ಆಗಸ್ಟ್ ಆದ ಮೇಲೆ ಮುಟ್ಟಬೇಡ್ರಿ.

ಮೊದಲ ಎರಡು ವರ್ಷ ಬೆಳವಣಿಗೆ ನಿಧಾನ. ಇಲ್ಲಿ ಬಹಳ ಮಂದಿ ಬ್ಯಾಸರ ಮಾಡಿಕೊಂಡು ಯೂರಿಯಾ ಹಾಕ್ತಾರ. ಯೂರಿಯಾ ಹಾಕಿದರೆ ಎಲೆ ಬರ್ತದ, ಹೂ ಬರಂಗಿಲ್ಲ. ಕೊಟ್ಟಿಗೆ ಗೊಬ್ಬರ ವರ್ಷಕ್ಕೆ ಎರಡು ಬುಟ್ಟಿ ಸಾಕು. ಸಸಿ ದುಬಾರಿ ಅನ್ನಿಸಿದರೆ ಗೊತ್ತಿದ್ದವರ ಮನೆಯ ಬಳ್ಳಿಗೆ ಮಳೆಗಾಲದಲ್ಲಿ ಗೂಟಿ ಕಟ್ಟಬಹುದು. ಪೆನ್ಸಿಲ್ ದಪ್ಪದ ಕಡ್ಡಿಯಲ್ಲಿ ಒಂದು ಇಂಚು ಉಂಗುರದಂತೆ ತೊಗಟೆ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟೋದು. ಬೇರು ಪ್ಲಾಸ್ಟಿಕ್‌ನೊಳಗೆ ಕಂಡ ಮೇಲೆ, ಸುಮಾರು ಎರಡು ತಿಂಗಳಿಗೆ, ಕೆಳಗೆ ಕತ್ತರಿಸಿ ಕುಂಡಕ್ಕ ಹಚ್ಚೋದು.

ಮಧುಮಾಲತಿ: ಅಂಗಡಿಯವರಿಗೆ ಇದೇ ಬೆಸ್ಟ್

ಬೇಗ ನೆರಳು ಬೇಕು, ಕಾಯೋ ತಾಳ್ಮೆ ಇಲ್ಲ ಅನ್ನುವವರಿಗೆ ಮಧುಮಾಲತಿ. ಸಂಜೆ ಅರಳುವಾಗ ಬಿಳಿ, ಮರುದಿನ ಗುಲಾಬಿ, ಮೂರನೇ ದಿನಕ್ಕೆ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಕಾಣ್ತಾವ. ರಾತ್ರಿ ಬರುವ ಪತಂಗಕ್ಕೆ ಬಿಳಿ ಕಾಣಬೇಕಲ್ಲ, ಅದಕ್ಕೇ ಸಂಜೆ ಬಿಳಿ, ವಾಸನೆಯೂ ಆಗಲೇ ಹೆಚ್ಚು. ಗಿಡವಾಗಿ ಶುರುವಾಗಿ ಬಳ್ಳಿಯಾಗಿ ತಿರುಗುವ ಇದರ ವೇಷ ನೋಡಿ ಹಿಂದಿನ ಕಾಲದ ಒಬ್ಬ ಸಸ್ಯಶಾಸ್ತ್ರಿ ಲ್ಯಾಟಿನ್‌ನಲ್ಲಿ ‘ಯಾರು? ಎಂಥದು?’ ಅನ್ನುವ ಅರ್ಥದ ಕ್ವಿಸ್ಕ್ವಾಲಿಸ್ ಎಂಬ ಹೆಸರೇ ಇಟ್ಟುಬಿಟ್ಟ. ಈಗ ವಿಜ್ಞಾನಿಗಳು ಹೆಸರು ಬದಲಾಯಿಸಿ ಕಾಂಬ್ರೇಟಮ್ ಅಂತ ಮಾಡಿದ್ದಾರೆ, ನಮಗ ಮಧುಮಾಲತಿನೇ ಸಾಕು.

ಇದು ಹೊಸ ಕುಡಿಯ ತುದಿಯಲ್ಲಿ ಹೂ ಬಿಡುತ್ತದೆ. ಪೆಟ್ರಿಯಾಕ್ಕೆ ಪೂರಾ ಉಲ್ಟಾ. ಹಾಗಾಗಿ ಎಳ್ಳಮಾವಾಸ್ಯೆ ಹೊತ್ತಿಗೆ, ಚರಗ ಚೆಲ್ಲಿ ಬಂದ ವಾರದಲ್ಲಿ ಅನ್ನಿ, ಧೈರ್ಯವಾಗಿ ಕತ್ತರಿಸಬಹುದು. ಮುಖ್ಯ ಕಾಂಡ ಮತ್ತು ಚಪ್ಪರದ ಮೇಲಿನ ನಾಲ್ಕೈದು ದೊಡ್ಡ ಕೊಂಬೆ ಬಿಟ್ಟು ಉಳಿದ ಸಿಕ್ಕನ್ನೆಲ್ಲ ತೆಗೀರಿ. ಯುಗಾದಿಗೆ ಮತ್ತೆ ಹಸಿರು ಬರ್ತದ, ಬ್ಯಾಸಗಿಗೆ ನೆರಳು, ಅಲ್ಲಿಂದ ಮಳೆಗಾಲದ ತನಕ ಹೂ.

ನಾನು ಮೊದಲನೇ ಸಲ ಈ ಲೆಕ್ಕ ತಪ್ಪಿ ಮಾರ್ಚ್ ಕೊನೆಗೆ ಕತ್ತರಿಸಿದ್ದೆ. ಡಿಗ್ರಿ ಎರಡನೇ ವರ್ಷಕ್ಕ ಬಿಟ್ಟು ಮನೆಯಲ್ಲಿ ಕೂತಿದ್ದ ದಿನ, ಏನೋ ಒಂದು ಉಪಯೋಗದ ಕೆಲಸ ಮಾಡಿ ತೋರಿಸಬೇಕು ಅಂತ ಅನ್ನಿಸಿತ್ತು. ಆ ಇಡೀ ಏಪ್ರಿಲ್ ನಮ್ಮ ಅಜ್ಜಿ ಮಧ್ಯಾಹ್ನ ಕೂಡುವ ಜಾಗಕ್ಕೆ ನೆರಳೇ ಇರಲಿಲ್ಲ. ಅಜ್ಜಿ ಬೈಯಲಿಲ್ಲ. ಖುರ್ಚಿ ಎತ್ತಿಕೊಂಡು ಎದುರು ಮನೆಯ ಬೇವಿನ ಗಿಡದ ಕೆಳಗೆ ಹೋಗಿ ಕೂತರು. ಬೈದಿದ್ದರೆ ಚಲೋ ಇತ್ತು.

ಮಧುಮಾಲತಿಗೆ ಒಂದು ಕೆಟ್ಟ ಗುಣ ಇದೆ. ಬೇರಿನಿಂದ ಸುತ್ತಲೂ ಮರಿ ಏಳುತ್ತದೆ. ಎರಡು ವರ್ಷ ಬಿಟ್ಟರೆ ಫರಸಿ ಸಂದಿನಲ್ಲೂ ತಲೆ ಹಾಕ್ತದ. ಮರಿಗಳನ್ನು ಮಣ್ಣು ಮಟ್ಟದಲ್ಲಿ ಕತ್ತರಿಸಿದರೆ ಮತ್ತೆ ಬರ್ತಾವ, ಬುಡದಿಂದ ಕಿತ್ತೇ ತೆಗೆಯಬೇಕು. ಕಿತ್ತ ಮರಿ ಮಂದಿಗೆ ಕೊಡಬಹುದು, ಅದೇ ಸಸಿ.

ಕಾಗದದ ಹೂವು ಮತ್ತು ಮಲ್ಲಿಗೆ

ಬೋಗನ್‌ವಿಲ್ಲಾ ಬಗ್ಗೆ ಹೆಚ್ಚು ಹೇಳೋದು ಬೇಡ, ನಮ್ಮ ಸರ್ಕಾರಿ ಆಫೀಸಿನ ಕಂಪೌಂಡ್‌ಗಳೇ ಸಾಕ್ಷಿ. ಬ್ರೆಜಿಲ್‌ನ ಬಳ್ಳಿ, ಫ್ರೆಂಚ್ ನಾವಿಕ ಬೋಗನ್‌ವಿಲ್ ಹೆಸರು. ನಾವು ಹೂ ಅನ್ನುವ ಬಣ್ಣದ ಕಾಗದ ಖರೇ ಅಂದ್ರ ಎಲೆ. ಅದರ ನಡುವೆ ಇರುವ ಸಣ್ಣ ಬಿಳಿ ಕೊಳವೆಯೇ ಹೂವು. ಇದಕ್ಕೆ ದಿನಾ ನೀರು ಹಾಕುವುದೇ ತಪ್ಪು. ನೀರು ಹೆಚ್ಚಾದರೆ ಬರೇ ಎಲೆ, ಮುಳ್ಳು. ಮಣ್ಣು ಪೂರಾ ಒಣಗಿದ ಮೇಲೆ ಒಮ್ಮೆ ಚೆನ್ನಾಗಿ ಹಾಕ್ರಿ, ಮತ್ತೆ ಒಣಗಲು ಬಿಡ್ರಿ. ಬ್ಯಾಸಗಿ ಹೂ ಮುಗಿದು ಮಳೆ ಶುರುವಾಗುವಾಗ ದೊಡ್ಡ ಕತ್ತರಿ, ಆಮೇಲೆ ಪ್ರತಿ ಸಲ ಹೂ ಉದುರಿದ ಮೇಲೆ ತುದಿ ಮಾತ್ರ. ಅಂಗಡಿ ಮುಂದೆ ಹಚ್ಚಿದವರು ಗಿರಾಕಿಗಳ ಎತ್ತರಕ್ಕೆ ಮುಳ್ಳಿನ ಕೊಂಬೆ ಬರದ ಹಾಗೆ ನೋಡಿಕೊಳ್ಳಿ. ಸೀರೆ ಸಿಕ್ಕಿ ಹರಿದರೆ ಗಿರಾಕಿ ತಿರುಗಿ ಬರಂಗಿಲ್ಲ.

ಮಲ್ಲಿಗೆ ಹೂವಿಗೂ ಆಯಿತು, ನಾಲ್ಕು ಮೊಳ ಮಾರಿದರೆ ರೊಕ್ಕಕ್ಕೂ ಆಯಿತು. ಹಡಗಲಿ, ಮೈಸೂರು, ಉಡುಪಿ ಮಲ್ಲಿಗೆಗಳಿಗೆ ನಮ್ಮ ಕಲಬುರಗಿ ತೊಗರಿಬೇಳೆಗೆ ಸಿಕ್ಕ ಹಾಗೆ ಜಿಐ ಟ್ಯಾಗ್ ಸಿಕ್ಕಿದೆ. ದುಂಡು ಮಲ್ಲಿಗೆಗೆ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಕತ್ತರಿ ಕಾಲ. ಅದಕ್ಕೂ ಎರಡು ವಾರ ಮೊದಲೇ ನೀರು ನಿಲ್ಲಿಸಿ ಗಿಡವನ್ನು ಸೊರಗಿಸಬೇಕು. ಹೊಲದಲ್ಲಿ ಬೆಳೆಯುವವರು ನೆಲದಿಂದ ಒಂದೂವರೆ ಅಡಿ ಬಿಟ್ಟು ಪೂರಾ ಕಡಿದುಬಿಡ್ತಾರ. ಮನೆ ಚಪ್ಪರದ ಬಳ್ಳಿಗೆ ಹಂಗ ಮಾಡಿದರೆ ಚಪ್ಪರವೇ ಖಾಲಿ. ಮುಖ್ಯ ಕಾಂಡ ಹಾಗೇ ಬಿಟ್ಟು ಅಡ್ಡ ಕಡ್ಡಿಗಳನ್ನು ಅರ್ಧಕ್ಕೆ ಇಳಿಸಿದರೆ ಸಾಕು. ಕತ್ತರಿಸಿದ ಮೇಲೆ ಉಳಿದ ಎಲೆಗಳನ್ನು ಕೈಯಿಂದ ಉದುರಿಸಿ, ಗೊಬ್ಬರ ಕೊಟ್ಟು, ನೀರು ಮತ್ತೆ ಶುರು ಮಾಡ್ರಿ. ಮಾರ್ಚ್‌ನಿಂದ ಮೊಗ್ಗು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ತೂತು ಬಿದ್ದಿದ್ದರೆ ಮೊಗ್ಗು ಕೊರೆಯುವ ಹುಳ; ಅಂಥ ಮೊಗ್ಗು ಆರಿಸಿ ಸುಟ್ಟುಬಿಡೋದು, ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ ಸ್ವಲ್ಪ ಸೋಪಿನ ನೀರಿನ ಜೊತೆ ಸಂಜೆ ಸಿಂಪಡಿಸೋದು.

ಹಳದಿ ಗಂಟೆಯಂಥ ಅಲಮಂಡಾ ಬಳ್ಳಿಯನ್ನೂ ಈಗ ಬಹಳ ಮಂದಿ ಹಚ್ಚುತ್ತಿದ್ದಾರೆ. ಚಂದ ಅದ. ಆದರೆ ಅದರ ಹಾಲು ಚರ್ಮಕ್ಕೆ ತುರಿಕೆ, ಹೊಟ್ಟೆಗೆ ಹೋದರೆ ಭೇದಿ. ಸಣ್ಣ ಮಕ್ಕಳು, ಆಡು-ಕುರಿ ಇರುವ ಮನೆಗೆ ಬ್ಯಾಡ.

ತಗ್ಗು, ಮಣ್ಣು, ನೀರು

ನಮ್ಮ ಭಾಗದ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಅಂಟಾಗ್ತದ, ಬ್ಯಾಸಗಿಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡ್ತದ. ಎರಡೂ ಬೇರಿಗೆ ಕೆಟ್ಟದ್ದು. ಮಳೆಯಲ್ಲಿ ಬೇರು ಉಸಿರುಗಟ್ಟಿ ಕೊಳೆತರೆ, ಬಿಸಿಲಲ್ಲಿ ಬಿರುಕು ಎಳೆದು ಬೇರು ಹರಿಯುತ್ತದೆ. ಅದಕ್ಕೆ ತಗ್ಗು ಎರಡು ಅಡಿ ಉದ್ದ, ಅಗಲ, ಆಳ ತೆಗೆದು ತಳಕ್ಕೆ ಇಟ್ಟಂಗಿ ಚೂರು ಹಾಕಿ, ತೆಗೆದ ಮಣ್ಣಿಗೆ ಅಷ್ಟೇ ಉಸುಕು ಅಥವಾ ಕೆಂಪು ಮಣ್ಣು, ಅಷ್ಟೇ ಕೊಟ್ಟಿಗೆ ಗೊಬ್ಬರ ಕಲಸಿ ತುಂಬಬೇಕು. ಅಂಗಳಕ್ಕೆ ಶಹಾಬಾದ್ ಫರಸಿ ಹಾಕಿಸಿದವರು ಒಂದೇ ಕಲ್ಲು ಎಬ್ಬಿಸಿ ತಗ್ಗು ತೆಗೀತಾರ. ಒಂದು ಸಾಲದು. ಸುತ್ತ ಇನ್ನೊಂದೆರಡು ಎಬ್ಬಿಸಿ ಮಣ್ಣು ಬಯಲಿಗೆ ಬಿಡ್ರಿ, ಮಳೆ ನೀರು ಬುಡಕ್ಕೆ ಇಳೀಬೇಕು. ಗೋಡೆಯಿಂದ ಕನಿಷ್ಠ ಎರಡು ಅಡಿ ದೂರ, ಶೌಚದ ಗುಂಡಿಯಿಂದ ಇನ್ನೂ ದೂರ.

ಭೀಮಾ ದಂಡೆಯ ಊರುಗಳವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರ್ ಪ್ರವಾಹ ಯಾರೂ ಮರೆತಿಲ್ಲ. ನೀರು ನಿಂತು ಇಳಿದ ಮೇಲೆ ಬಳ್ಳಿ ಬಾಡಿದರೆ ಮತ್ತೆ ನೀರು ಹಾಕೋದು ಬ್ಯಾಡ. ಬುಡದ ರೇವೆ ಮಣ್ಣು ಸರಿಸಿ, ಮಣ್ಣು ಸಡಿಲ ಮಾಡಿ, ಒಣಗಲು ಬಿಡಬೇಕು. ಒಣಗಿದ ತುದಿ ಮಾತ್ರ ಕತ್ತರಿಸಿ ತಿಂಗಳು ಕಾಯ್ರಿ, ಬುಡದಿಂದ ಚಿಗುರಿದ ಉದಾಹರಣೆ ಬಹಳ ಅದಾವ.

ಬ್ಯಾಸಗಿಯಲ್ಲಿ ಕುಡಿಯೋ ನೀರಿಗೇ ತ್ರಾಸ ಇರುವಾಗ ಬಳ್ಳಿಗೆ ಎಲ್ಲಿಂದ ಅನ್ನಬಹುದು. ಹಳೇ ಮಣ್ಣಿನ ಗಡಿಗೆಯನ್ನು ಬುಡದಿಂದ ಒಂದು ಅಡಿ ದೂರಕ್ಕೆ ಕುತ್ತಿಗೆ ತನಕ ಹೂತು, ನೀರು ತುಂಬಿ, ಮೇಲೆ ಮುಚ್ಚಳ ಇಟ್ಟರೆ ಮೂರ್ನಾಲ್ಕು ದಿನ ನಿಧಾನಕ್ಕೆ ಇಂಗುತ್ತದೆ. ಗಡಿಗೆಗೆ ಬಣ್ಣ ಹಚ್ಚಿರಬಾರದು, ಬಣ್ಣ ಇದ್ದರೆ ನೀರು ಹೊರಗ ಬರಂಗಿಲ್ಲ. ಅಕ್ಕಿ, ಕಾಯಿಪಲ್ಯೆ ತೊಳೆದ ನೀರು ಚಲೋ. ಬಟ್ಟೆ ಸೋಪಿನ ನೀರು ದಿನಾ ಹಾಕಿದರೆ ಮೊದಲೇ ಕ್ಷಾರ ಇರುವ ಮಣ್ಣು ಇನ್ನೂ ಕೆಡುತ್ತದೆ. ಬುಡಕ್ಕೆ ತೊಗರಿ ಹೊಟ್ಟು, ಒಣ ಎಲೆ ನಾಲ್ಕು ಇಂಚು ಹೊದಿಸ್ರಿ, ಆದರೆ ಕಾಂಡಕ್ಕೆ ತಾಗದ ಹಾಗೆ, ತಾಗಿದರೆ ಗೆದ್ದಲು.

ಚಪ್ಪರ, ಪತ್ರಾ, ಕರೆಂಟ್ ತಂತಿ

ಸಸಿಗೆ ಸುತಳಿ ಸಾಕು ಅಂತ ಶುರು ಮಾಡಿ ಐದು ವರ್ಷಕ್ಕೆ ಚಪ್ಪರ ಮುರಿದು ಬಿದ್ದ ಮನೆಗಳಿವೆ. ಬಲಿತ ಬಳ್ಳಿ, ಮೇಲೆ ಮಳೆ ನೀರು, ಮೇ ತಿಂಗಳ ಬಿರುಗಾಳಿ, ಮೂರೂ ಸೇರಿದ ಭಾರ ಬಿದಿರು ತಡೆಯಲ್ಲ. ಜಿಐ ಪೈಪು ನಾಲ್ಕು ಮೂಲೆಗೆ ನೆಟ್ಟು ಮೇಲೆ ತಂತಿ ಎಳೆಯೋದು ಒಂದೇ ಸಲದ ಖರ್ಚು.

ಪತ್ರಾ ಮೇಲೆ ಬಳ್ಳಿಯನ್ನು ನೇರವಾಗಿ ಬಿಡಬೇಡ್ರಿ. ಬ್ಯಾಸಗಿಯಲ್ಲಿ ಪತ್ರಾಕ್ಕೆ ಕೈ ಇಡೋಕೆ ಆಗಲ್ಲ, ಕುಡಿ ಬೆಂದು ಹೋಗ್ತದ. ಮಳೆಗಾಲದಲ್ಲಿ ಎಲೆ ಕೊಳೆತು ಪತ್ರಾ ತುಕ್ಕು ಹಿಡೀತದ. ಪತ್ರಾಕ್ಕಿಂತ ಒಂದು ಅಡಿ ಮೇಲೆ ತಂತಿ ಜಾಳಿಗೆ ಹಾಕಿ ಅದರ ಮೇಲೆ ಹಬ್ಬಿಸಿದರೆ ನಡುವೆ ಗಾಳಿ ಆಡ್ತದ, ಅಂಗಡಿಯೊಳಗೆ ಕೂತವರಿಗೇ ವ್ಯತ್ಯಾಸ ಗೊತ್ತಾಗ್ತದ.

ಇನ್ನು ಕರೆಂಟ್. ಬೀದಿ ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿಯನ್ನು ಬಳ್ಳಿ ಹಿಡಿದರೆ ಬಿಡಲ್ಲ. ಹಸಿ ಬಳ್ಳಿಯೊಳಗೆ ನೀರಿರುತ್ತದೆ, ಮಳೆಯಲ್ಲಿ ಅದೇ ತಂತಿಯ ಕೆಲಸ ಮಾಡಬಹುದು. ಕಬ್ಬಿಣದ ಏಣಿ ಇಟ್ಟು ಕತ್ತರಿಸಲು ಹತ್ತಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ತಂತಿಗೆ ತಾಗಿದ ಬಳ್ಳಿಯನ್ನು ನೀವು ಮುಟ್ಟಬೇಡ್ರಿ, ಮಕ್ಕಳನ್ನೂ ಹತ್ತಿಸಬೇಡ್ರಿ. 1912ಕ್ಕೆ ಫೋನ್ ಮಾಡಿ ಜೆಸ್ಕಾಂಗೆ ತಿಳಿಸಿ, ಲೈನ್‌ಮನ್ ಬಂದು ಲೈನ್ ತೆಗೆದ ಮೇಲೆಯೇ ಕತ್ತರಿ. ಹೊಸದಾಗಿ ಹಚ್ಚುವವರು ಮೊದಲು ತಲೆ ಎತ್ತಿ ತಂತಿ ಎಲ್ಲಿದೆ ನೋಡಿ ಆಮೇಲೆ ತಗ್ಗು ತೆಗೀರಿ.

ಕತ್ತರಿ ಹಿಡಿಯುವ ರೀತಿ

ಕುಡಗೋಲಿನಿಂದ ಕೊಚ್ಚಬೇಡ್ರಿ, ಸೀಳಿದ ಕಡ್ಡಿಯಲ್ಲಿ ನೀರು ಇಳಿದು ಕೊಳೆಯುತ್ತದೆ. ದ್ರಾಕ್ಷಿ ಚಾಟ್ನಿಗೆ ಬಳಸುವ ಕತ್ತರಿಯೇ ಸಾಕು, ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಬೆರಳಿಗಿಂತ ದಪ್ಪ ಕೊಂಬೆಗೆ ಸಣ್ಣ ಗರಗಸ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಡೆಟಾಲ್ ಅಥವಾ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸ್ರಿ, ರೋಗ ಕತ್ತರಿ ಹತ್ತಿಯೇ ಊರು ತಿರುಗ್ತದ.

ಮೊದಲು ಒಣಗಿದ್ದು, ಆಮೇಲೆ ರೋಗ ಹತ್ತಿದ್ದು, ಆಮೇಲೆ ಒಂದರ ಮೇಲೊಂದು ಉಜ್ಜುವುದು. ಇಷ್ಟು ತೆಗೆದು ಎರಡು ಹೆಜ್ಜೆ ಹಿಂದೆ ನಿಂತು ನೋಡ್ರಿ. ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ. ಉಳಿದದ್ದನ್ನು ಕತ್ತರಿಸುವಾಗ ಕಣ್ಣಿನಿಂದ ಕಾಲು ಇಂಚು ಮೇಲೆ, ಸ್ವಲ್ಪ ಓರೆಯಾಗಿ. ಕಣ್ಣು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಹೊಸ ಕುಡಿ ಆ ದಿಕ್ಕಿಗೇ ಹೋಗುತ್ತದೆ, ಹಾಗಾಗಿ ಚಪ್ಪರ ಎಲ್ಲಿ ಖಾಲಿ ಇದೆಯೋ ಅತ್ತ ನೋಡುವ ಕಣ್ಣು ಉಳಿಸಿಕೊಳ್ರಿ.

ದಪ್ಪ ಕೊಂಬೆ ತೆಗೆದ ಗಾಯಕ್ಕೆ ಬೋರ್ಡೋ ಮಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಅರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ ಎರಡನ್ನೂ ಕೂಡಿಸಿದರೆ ಮುಗೀತು. ಪ್ಲಾಸ್ಟಿಕ್ ಬಕೀಟಿನಲ್ಲೇ ಮಾಡ್ರಿ, ಕಬ್ಬಿಣದ್ದು ಬ್ಯಾಡ. ಮಾಡಿದ ದಿನವೇ ಬಳಸ್ರಿ, ಮೈಲುತುತ್ತ ವಿಷ ಅನ್ನೋದು ನೆನಪಿರಲಿ.

ಹತ್ತಿಪ್ಪತ್ತು ವರ್ಷದ ಹಳೇ ಬಳ್ಳಿ, ಕೆಳಗೆ ಬೋಳು, ಮೇಲೆ ಬರೇ ಸಿಕ್ಕು, ಇಂಥದ್ದನ್ನು ಒಂದೇ ವರ್ಷಕ್ಕೆ ಸರಿ ಮಾಡಲು ಹೋಗಬೇಡ್ರಿ. ಹಳೇ ಕಾಂಡಗಳಲ್ಲಿ ಮೂರನೇ ಒಂದು ಪಾಲು ಈ ವರ್ಷ, ಇನ್ನೊಂದು ಪಾಲು ಮುಂದಿನ ವರ್ಷ, ಉಳಿದದ್ದು ಅದರ ಮುಂದಿನ ವರ್ಷ. ಬುಡದಿಂದ ಬರುವ ಗಟ್ಟಿ ಕುಡಿ ಒಂದೆರಡನ್ನು ಹಳೆಯದರ ಜಾಗಕ್ಕೆ ಹಬ್ಬಿಸುತ್ತ ಬರ್ರಿ. ನೆರಳೂ ಹೋಗಲ್ಲ, ಬಳ್ಳಿಯೂ ಸಾಯಲ್ಲ.

ಸಸಿಗೆ ಮೊದಲು ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಅಲ್ಲಿ ಇಲ್ಲದಿದ್ದರೆ ಖಾಸಗಿ ನರ್ಸರಿ. ಎಲೆ ಹಳದಿಯಾಗುತ್ತಿದ್ದರೆ, ಏನು ರೋಗ ಅಂತ ತಿಳಿಯದಿದ್ದರೆ ಒಂದು ಕಡ್ಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಕಲಬುರಗಿಯ ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಫೋಟೋಕ್ಕಿಂತ ಕಡ್ಡಿಯೇ ಒಯ್ಯೋದು ಚಲೋ.

ನನ್ನ 349 ರೂಪಾಯಿಯ ಶಂಖಪುಷ್ಪ ಇನ್ನೂ ಇದೆ. ಅಜ್ಜಿ ದಿನಾ ಮುಂಜಾನೆ ದೇವರಿಗೆ ನಾಲ್ಕು ಹೂ ಕೀಳುತ್ತಾರೆ. ಅದರ ಪಕ್ಕದಲ್ಲೇ ಕಳೆದ ಮಳೆಗಾಲದಲ್ಲಿ ಪೆಟ್ರಿಯಾ ಹಚ್ಚಿದ್ದೇನೆ, ಈಗ ಮೊಳಕಾಲೆತ್ತರ ಬಂದಿದೆ.